ಅ.ನ.ಕೃ. ಮತ್ತು ಅವರ ಓದುಗರು

ಹುಲ್ಲಹಳ್ಳಿಯ ನಮ್ಮ ಮನೆಯಲ್ಲಿ, ಅಜ್ಜಿಯ ಟ್ರಂಕಿನೊಳಗೆ, ರಟ್ಟು ಹರಿದ ‘ಸಂಧ್ಯಾರಾಗ’ದ ಪ್ರತಿಯೊಂದಿದ್ದಿತು. ಮೂರನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅವರು ಅದನ್ನು ಎಷ್ಟು ಸಲ ಓದಿದ್ದರೋ ನಾನರಿಯೆ. ಕಾಲೇಜಿಗೆ ಬಂದ ಮೇಲೆ, ಕಾದಂಬರಿಯ ಚರಿತ್ರೆಯಲ್ಲಿ ಆ ಪುಸ್ತಕದ ಕರ್ತೃವಿಗೆ ‘ಜನಪ್ರಿಯ’ ಎಂಬ ಒಂದೇ ವಿಶೇಷಣ ಸಲ್ಲುವುದನ್ನೂ, ಅದು ಹೊಗಳಿಕೆಯಲ್ಲವೆಂಬುದನ್ನೂ ಕಂಡು ಕಸಿವಿಸಿಯಾಯಿತು. ಹಾಗಾದರೆ ಅಜ್ಜಿ ಓದಿದ್ದು ಸಾಹಿತ್ಯವಲ್ಲವೆ?

ಅರಕಲಗೂಡು ನರಸಿಂಗರಾಯರ ಮಗ ಕೃಷ್ಣರಾಯರು ಹುಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ. ಹರೆಯದಲ್ಲಿಯೇ ನಾಟಕ ಬರೆದರು, ಪತ್ರಿಕೆಗಳನ್ನು ನಡೆಸಿದರು, ಸಾಹಿತ್ಯ ಪರಿಷತ್ತಿನ ‘ಕನ್ನಡ ನುಡಿ’ಗೆ ಸಂಪಾದಕರಾಗಿದ್ದರು. 1940ರ ದಶಕದಲ್ಲಿ ಪ್ರಗತಿಶೀಲ ಚಳವಳಿಯ ಮುಂದಾಳಾದರು. ಬರವಣಿಗೆಯೇ ಅವರ ಜೀವನೋಪಾಯ. ನೂರಕ್ಕೂ ಮೀರಿ ಕಾದಂಬರಿಗಳನ್ನು ಬರೆದವರಿಗೆ ತಿದ್ದಲು ಬಿಡುವೆಲ್ಲಿ?

ವಿಮರ್ಶಕರ ಆಕ್ಷೇಪಣೆ ಸುಳ್ಳಲ್ಲ. ಅವರ ಪಾತ್ರಗಳು ಅಡಿಗೆಮನೆಯಲ್ಲಿ ನಿಂತೂ ವೇದಿಕೆಯ ಮೇಲೆ ನಿಂತವರಂತೆ ಮಾತನಾಡುತ್ತವೆ. ವೇಶ್ಯಾ ಜೀವನವನ್ನು ಕುರಿತ ‘ನಗ್ನ ಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂಬ ಕೂಗೆದ್ದಾಗ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದು ಉತ್ತರ ಕೊಟ್ಟರು. ನವ್ಯರು ಬಂದ ಮೇಲಂತೂ ಅವರನ್ನು ಕೇಳುವವರು ಕಡಮೆಯಾದರು.

ಆದರೆ ವಿಮರ್ಶೆ ಒಂದನ್ನು ಕಡೆಗಣಿಸಿತೆಂದು ನನಗನ್ನಿಸುತ್ತದೆ. ಅವರ ಕನ್ನಡಾಭಿಮಾನವನ್ನು ಭಾಷಣದ ಪಾಲಿಗೂ, ಕಾದಂಬರಿಗಳನ್ನು ಹೊತ್ತು ಕಳೆಯುವ ಪಾಲಿಗೂ ಹಂಚಿಬಿಟ್ಟರು. ‘ಸಂಧ್ಯಾರಾಗ’ದ ನಾಯಕ ಗಾಯಕ, ‘ನಟಸಾರ್ವಭೌಮ’ದವನು ನಟ, ‘ಉದಯರಾಗ’ದವನು ಚಿತ್ರಕಾರ. 1956ಕ್ಕೆ ಮೊದಲು ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲದಲ್ಲಿ, ನಮ್ಮದು ಎನ್ನಲು ಏನಿದೆ ಎಂದು ಕೇಳಿದವನಿಗೆ ಈ ಕಾದಂಬರಿಗಳು ಎಲ್ಲೆಗೆರೆಯನ್ನು ತೋರಿಸಲಿಲ್ಲ, ಹಾಡುವವನನ್ನೂ ಬಣ್ಣ ಹಚ್ಚುವವನನ್ನೂ ತೋರಿಸಿದವು. ನಕ್ಷೆ ನೋಡಿರದ ನನ್ನ ಅಜ್ಜಿಗೆ ಅದು ಅರ್ಥವಾಗಿತ್ತು.

1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅನಂತರ ಬೀದಿಗಿಳಿದರು. ಬೆಂಗಳೂರಿನ ರಾಮೋತ್ಸವದ ಕಛೇರಿಗಳಲ್ಲಿ ಕನ್ನಡ ಕಲಾವಿದರಿಗೆ ತಕ್ಕ ಸ್ಥಾನವಿಲ್ಲವೆಂದು ಎದ್ದ ಚಳವಳಿಯಲ್ಲಿ ಅವರೊಡನೆ ನಿಂತವರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಮ. ರಾಮಮೂರ್ತಿಗಳೂ ಒಬ್ಬರು. ಇವರು ಬರೆದದ್ದು ಪತ್ತೇದಾರಿ ಕಾದಂಬರಿಗಳನ್ನು. ಅರಿಸಿನ ಕುಂಕುಮದ ಬಣ್ಣದ ಕನ್ನಡ ಬಾವುಟವನ್ನು ಕೊಟ್ಟವರೂ ಇವರೇ. ವಿಮರ್ಶಕರು ಪಂಕ್ತಿಯಿಂದ ಹೊರಗಿಟ್ಟವರೇ ಈ ಕೆಲಸಕ್ಕೆ ಮುಂದಾದರೆಂಬುದು ಯೋಚಿಸತಕ್ಕ ವಿಷಯ.

ಇಲ್ಲಿ ನನ್ನದೂ ಒಂದು ಅಳುಕಿದೆ. ಪರಭಾಷೆಯ ಮೇಲಿನ ಸಿಟ್ಟೇ ಅಭಿಮಾನವಾಗುವ ಅಪಾಯ ಆ ಚಳವಳಿಯ ಜೊತೆಗೇ ಹುಟ್ಟಿತು. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿ, ಮರಾಠಿಯಾಡುತ್ತಿದ್ದ ಬೇಂದ್ರೆ ಕನ್ನಡದವರಲ್ಲವೆ? 1966ರಲ್ಲಿ ‘ಸಂಧ್ಯಾರಾಗ’ ಚಲನಚಿತ್ರವಾಗಿ, ರಾಜಕುಮಾರ್ ಗಾಯಕನ ಪಾತ್ರ ವಹಿಸಿದಾಗ, ಆ ಚಿತ್ರಕ್ಕೆ ಹಾಡಿದವರು ಗದಗಿನ ಕಡೆಯ ಭೀಮಸೇನ ಜೋಶಿ, ಮತ್ತು ತೆಲುಗು ನಾಡಿನ ಬಾಲಮುರಳೀಕೃಷ್ಣ. ಕಾದಂಬರಿಯ ಮನಸ್ಸು ಚಳವಳಿಯ ಘೋಷಣೆಗಿಂತ ದೊಡ್ಡದಾಗಿತ್ತೆಂದೇ ನನ್ನ ಭಾವನೆ.

1971ರ ಜುಲೈ 8ರಂದು ಅ.ನ.ಕೃ. ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದನ್ನು ಅವರು ಕಾಣಲಿಲ್ಲ.

ಅಜ್ಜಿಯ ಪ್ರತಿಯಲ್ಲಿ ಕೊನೆಯ ಕೆಲವು ಹಾಳೆಗಳಿರಲಿಲ್ಲ. ಅವನ್ನು ಅವರು ಬಾಯಲ್ಲಿಯೇ ಹೇಳುತ್ತಿದ್ದರು. ಮೊನ್ನೆ ಪುಸ್ತಕ ಭಂಡಾರದಿಂದ ಪೂರ್ಣ ಪ್ರತಿ ತಂದು ಓದಿದೆ. ಅಜ್ಜಿ ಹೇಳುತ್ತಿದ್ದ ಮುಕ್ತಾಯವೇ ಬೇರೆ.