ಕಡಂದಲೆ ಕೃಷ್ಣರಾವ್

ಕಡಂದಲೆ ಕೃಷ್ಣರಾವ್ (1898–1990) ಮದರಾಸಿನ ವುಡ್‌ಲ್ಯಾಂಡ್ಸ್ ಹೋಟೆಲುಗಳ ಸ್ಥಾಪಕರು. ಉಡುಪಿ ಶೈಲಿಯ ಸಸ್ಯಾಹಾರವನ್ನು ಕರಾವಳಿಯ ಹೊರಗೆ ಜನಪ್ರಿಯಗೊಳಿಸಿದ ಮೊದಲ ತಲೆಮಾರಿನ ಹೋಟೆಲು ಉದ್ಯಮಿಗಳಲ್ಲಿ ಇವರು ಪ್ರಮುಖರು. ಸಣ್ಣ ಫಲಾಹಾರ ಮಂದಿರವೊಂದರಿಂದ ಆರಂಭವಾದ ಇವರ ವ್ಯವಹಾರವು ಹಲವು ನಗರಗಳಿಗೆ ವಿಸ್ತರಿಸಿತು. ಇಂದು ಫ್ರಾಂಚೈಸಿ ಎಂದು ಕರೆಯಲಾಗುವ ವ್ಯಾಪಾರ ಪದ್ಧತಿಯ ಅನೇಕ ಲಕ್ಷಣಗಳು ಆ ವಿಸ್ತರಣೆಯಲ್ಲಿ ಕಂಡುಬರುತ್ತವೆ. ಆದರೆ ಹೆಸರಿನ ಮೇಲಿನ ಹಿಡಿತ ಎಂಬ ಮುಖ್ಯ ಲಕ್ಷಣ ಮಾತ್ರ ಅದರಲ್ಲಿರಲಿಲ್ಲ.

ಬಾಲ್ಯ

ಕೃಷ್ಣರಾಯರು ಕಡಂದಲೆ ಗ್ರಾಮದ ಅರ್ಚಕ ಕುಟುಂಬದಲ್ಲಿ ಜನಿಸಿದರು. ಮೂಡುಬಿದಿರೆ ಮತ್ತು ಕಾರ್ಕಳ ಸೀಮೆಗಳ ನಡುವಿನ ಈ ಊರು ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಶಾಲಾ ವಿದ್ಯಾಭ್ಯಾಸ ಹೆಚ್ಚು ದೊರೆಯಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಉಡುಪಿಯ ಮಠದಲ್ಲಿ ಊಳಿಗಕ್ಕೆ ಸೇರಿದರು.

ಉಡುಪಿಯ ಮಠಗಳ ಅಡುಗೆಮನೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಪರ್ಯಾಯದ ಕಾಲದಲ್ಲಿಯೂ ಉತ್ಸವಗಳಲ್ಲಿಯೂ ಅಲ್ಲಿ ಸಾವಿರಾರು ಜನರಿಗೆ ಒಂದೇ ದಿನ ಅಡುಗೆಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಬಳಸುವುದಿಲ್ಲ. ತೆಂಗಿನಕಾಯಿ, ಬೆಲ್ಲ, ಹುಣಸೆಹುಳಿ ಮತ್ತು ಹುರಿದ ಮಸಾಲೆಗಳ ಹದದಿಂದಲೇ ರುಚಿ ಬರಬೇಕು. ಅಳತೆಗಳನ್ನು ಯಾರೂ ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ. ಹಿರಿಯ ಅಡುಗೆಯವರ ಪಕ್ಕದಲ್ಲಿ ನಿಂತು ನೋಡಿ, ಕೈಗೂಡಿಸಿಕೊಂಡೇ ಅವನ್ನು ಕಲಿಯಬೇಕಾಗಿತ್ತು. ಹೀಗೆ ಕಲಿತವರು ಎಲ್ಲಿಗೆ ಹೋದರೂ ಅದೇ ಸಾರು, ಅದೇ ಹುಳಿ ಮಾಡಬಲ್ಲವರಾಗಿದ್ದರು. ಮುಂದೆ ಮುಂಬಯಿ, ಬೆಂಗಳೂರು, ಮದರಾಸುಗಳಲ್ಲಿ ಉಡುಪಿ ಹೋಟೆಲುಗಳ ರುಚಿ ಬಹುಮಟ್ಟಿಗೆ ಏಕರೂಪವಾಗಿ ಉಳಿಯಲು ಈ ಕಲಿಕೆಯ ಕ್ರಮವೂ ಒಂದು ಕಾರಣವಾಯಿತು.

ಮದರಾಸಿನಲ್ಲಿ

1920ರ ದಶಕದ ಆರಂಭದಲ್ಲಿ ಕೃಷ್ಣರಾಯರು ಮದರಾಸಿಗೆ ತೆರಳಿ, ಜಾರ್ಜ್ ಟೌನಿನ ಹೋಟೆಲೊಂದರಲ್ಲಿ ಅಡುಗೆಮನೆಯ ಕೆಲಸಕ್ಕೆ ಸೇರಿದರು. ಅವರ ದುಡಿಮೆಯನ್ನು ಮೆಚ್ಚಿದ ಮಾಲೀಕರು ಆಚಾರಪ್ಪನ್ ಬೀದಿಯಲ್ಲಿದ್ದ ತಮ್ಮ ಸಣ್ಣ ಹೋಟೆಲನ್ನು ಕಂತಿನ ಮೇಲೆ ಅವರಿಗೇ ಬಿಟ್ಟುಕೊಟ್ಟರು. ಕೈಯಲ್ಲಿ ಬಂಡವಾಳವಿಲ್ಲದ ಕೆಲಸಗಾರನು ಮಾಲೀಕನಾದುದು ಹೀಗೆ. ಅಂಗಡಿಯ ಗಳಿಕೆಯಿಂದಲೇ ಅಂಗಡಿಯ ಬೆಲೆಯನ್ನು ತೀರಿಸುವ ಈ ಏರ್ಪಾಡು ಕೃಷ್ಣರಾಯರೊಬ್ಬರಿಗೆ ಸೀಮಿತವಾಗಿರದೆ, ಕರಾವಳಿಯ ಹೋಟೆಲಿಗರಲ್ಲಿ ಬಳಕೆಯಲ್ಲಿತ್ತು. ಕಾರ್ಕಳ, ಕಾಪು, ಉಡುಪಿ, ಕುಂದಾಪುರಗಳ ಹಳ್ಳಿಗಳಿಂದ ಬಂದ ಮಾಣಿ ಮೊದಲು ಲೋಟ ತೊಳೆದು, ಬಳಿಕ ಸಪ್ಲೈಯರ್ ಆಗಿ, ಆಮೇಲೆ ಗಲ್ಲಾದಲ್ಲಿ ಕುಳಿತು, ಕೊನೆಗೆ ಮಾಲೀಕರ ನೆರವಿನಿಂದಲೋ ಪಾಲುದಾರಿಕೆಯಿಂದಲೋ ತನ್ನದೇ ಹೋಟೆಲು ತೆರೆಯುತ್ತಿದ್ದನು.

ಮುಂದೆ ಕೃಷ್ಣರಾಯರು ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ಆರಂಭಿಸಿದರು. ನಗರದ ಪ್ರಮುಖ ರಸ್ತೆಯಲ್ಲಿದ್ದ ಈ ಹೋಟೆಲಿನಿಂದ ಅವರಿಗೆ ಹೆಸರು ಬಂದಿತು. ಮಸಾಲೆದೋಸೆಯನ್ನು ಕಂಡುಹಿಡಿದವರು ಇವರೇ ಎಂದು ಕೆಲವೆಡೆ ಬರೆಯಲಾಗಿದೆ. ಅದಕ್ಕೆ ಖಚಿತ ಆಧಾರವಿಲ್ಲ. ಅದನ್ನು ಮದರಾಸಿನಲ್ಲಿ ಪ್ರಚುರಪಡಿಸಿದವರಲ್ಲಿ ಇವರು ಮುಖ್ಯರು ಎಂದಷ್ಟೇ ಹೇಳುವುದು ಉಚಿತ.

ವುಡ್‌ಲ್ಯಾಂಡ್ಸ್

1938ರಲ್ಲಿ ಕೃಷ್ಣರಾಯರು ರಾಯಪೇಟೆಯಲ್ಲಿದ್ದ ರಾಮನಾಡಿನ ಅರಸರ ಬಂಗಲೆಯೊಂದನ್ನು ಗೇಣಿಗೆ ಪಡೆದು ವಸತಿಗೃಹವನ್ನು ತೆರೆದರು. ಮರಗಳ ನಡುವೆ ಇದ್ದ ಆ ಬಂಗಲೆಯ ಹೆಸರನ್ನೇ ಹೋಟೆಲಿಗೂ ಇಟ್ಟರು. ಅಂದಿನ ಸಸ್ಯಾಹಾರಿ ಹೋಟೆಲುಗಳ ಫಲಕಗಳಲ್ಲಿ ದೇವರ ಹೆಸರೋ ಊರಿನ ಹೆಸರೋ ಜಾತಿಯ ಹೆಸರೋ ಇರುವುದು ವಾಡಿಕೆ. ಅಂತಹ ಫಲಕಗಳು ಮುಂದೆ ವಿವಾದಕ್ಕೂ ಕಾರಣವಾದವು. 1957ರಲ್ಲಿ ಪೆರಿಯಾರ್ ಅವರ ದ್ರಾವಿಡರ್ ಕಳಗಂ, ‘ಬ್ರಾಹ್ಮಣ’ ಎಂಬ ಪದವನ್ನು ಹೋಟೆಲಿನ ಫಲಕದಿಂದ ತೆಗೆಯಬೇಕೆಂದು ತಿರುವಲ್ಲಿಕ್ಕೇಣಿಯಲ್ಲಿ ಚಳವಳಿ ನಡೆಸಿತು. ವುಡ್‌ಲ್ಯಾಂಡ್ಸ್ ಎಂಬ ಹೆಸರು ಇವಾವುದಕ್ಕೂ ಅಂಟಿಕೊಂಡಿರಲಿಲ್ಲ. ಯಾವ ಊರಿನಲ್ಲಾದರೂ ಸಲ್ಲುವಂತಹ ಹೆಸರು ಅದು. ಅಡುಗೆ ಮಾತ್ರ ಉಡುಪಿಯದಾಗಿಯೇ ಉಳಿಯಿತು.

1952ರಲ್ಲಿ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ (ಈಗಿನ ಡಾ. ರಾಧಾಕೃಷ್ಣನ್ ಸಾಲೈ) ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭವಾಯಿತು. 1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟಗಾರಿಕಾ ಸಂಘದ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆಯಿತು. ಗ್ರಾಹಕರು ಕಾರಿನಲ್ಲಿಯೇ ಕುಳಿತಿದ್ದರೆ ಬಾಗಿಲಿಗೆ ತಟ್ಟೆಯನ್ನು ಸಿಕ್ಕಿಸಿ ತಿಂಡಿ ಕೊಡುವ ಈ ವ್ಯವಸ್ಥೆ ಪಾಶ್ಚಾತ್ಯ ದೇಶಗಳ ಮಾದರಿಯದು. ತಿಂಡಿ ಮಾತ್ರ ಇಡ್ಲಿ, ದೋಸೆ, ಪೂರಿ ಮತ್ತು ಕಾಫಿ. ಕಾರಿಲ್ಲದ ವಿದ್ಯಾರ್ಥಿಗಳು, ಪತ್ರಕರ್ತರು, ಔಷಧ ಕಂಪೆನಿಗಳ ಪ್ರತಿನಿಧಿಗಳು ಮರದ ನೆರಳಿನಲ್ಲಿ ಗಂಟೆಗಟ್ಟಲೆ ಕುಳಿತು ಹರಟುವ ತಾಣವಾಗಿಯೂ ಅದು ಪ್ರಸಿದ್ಧವಾಯಿತು.

ಹೆಸರಿನ ವಿಸ್ತರಣೆ ಮತ್ತು ಒಡೆತನ

ಬೆಂಗಳೂರು, ದೆಹಲಿ ಮೊದಲಾದ ನಗರಗಳಲ್ಲಿಯೂ ವಿದೇಶಗಳಲ್ಲಿಯೂ ವುಡ್‌ಲ್ಯಾಂಡ್ಸ್ ಹೆಸರಿನ ಹೋಟೆಲುಗಳು ತೆರೆದವು. ಇವುಗಳಲ್ಲಿ ಕೆಲವು ಕೃಷ್ಣರಾಯರ ಕುಟುಂಬದವು. ಇನ್ನು ಕೆಲವಕ್ಕೆ ಆ ಕುಟುಂಬದೊಡನೆ ಯಾವ ಸಂಬಂಧವೂ ಇಲ್ಲ. ಗ್ರಾಹಕರು ಮಾತ್ರ ಎಲ್ಲವನ್ನೂ ಒಂದೇ ಸಂಸ್ಥೆಯ ಶಾಖೆಗಳೆಂದು ಭಾವಿಸುವುದುಂಟು.

ಇದರ ಮಹತ್ವ ತಿಳಿಯಲು ಅಮೆರಿಕದ ಸಮಕಾಲೀನ ಉದಾಹರಣೆಯೊಂದನ್ನು ನೋಡಬಹುದು. 1955ರಲ್ಲಿ ರೇ ಕ್ರಾಕ್ ಅವರು ಮೆಕ್‌ಡೊನಾಲ್ಡ್ ಸಹೋದರರೊಡನೆ ಒಪ್ಪಂದ ಮಾಡಿಕೊಂಡು ಇಲಿನಾಯ್ ರಾಜ್ಯದಲ್ಲಿ ತಮ್ಮ ಮೊದಲ ಅಂಗಡಿಯನ್ನು ತೆರೆದರು. ಅಲ್ಲಿ ಹೆಸರನ್ನು ಬಳಸುವವನು ಆರಂಭಿಕ ಶುಲ್ಕವನ್ನೂ ಮಾರಾಟದ ಪಾಲನ್ನೂ ಕೊಡಬೇಕು; ಲಿಖಿತ ವಿಧಾನವನ್ನು ಪಾಲಿಸಬೇಕು; ತಪ್ಪಿದರೆ ಹೆಸರನ್ನು ಕಳೆದುಕೊಳ್ಳುತ್ತಾನೆ. ಉಡುಪಿ ಹೋಟೆಲಿಗರಲ್ಲಿ ತರಬೇತಿಯಿತ್ತು, ಸಾಲದ ನೆರವಿತ್ತು, ಊರಿನಿಂದ ಕೆಲಸಗಾರರು ಬರುತ್ತಿದ್ದರು, ರುಚಿಯಲ್ಲಿ ಸಾಮ್ಯವಿತ್ತು. ಬಿಟ್ಟುಹೋದ ಅಡುಗೆಭಟ್ಟರು ಎದುರು ಬೀದಿಯಲ್ಲಿ ಅದೇ ಸಾಂಬಾರು ಬಡಿಸಿದರೆ ತಡೆಯುವ ಉಪಾಯ ಮಾತ್ರ ಇರಲಿಲ್ಲ.

ಕಾನೂನಿನ ಸ್ಥಿತಿಯೂ ಇದಕ್ಕೆ ಕಾರಣ. ಭಾರತದಲ್ಲಿ ದೀರ್ಘಕಾಲ ಸರಕುಗಳ ಮೇಲಿನ ಗುರುತುಗಳನ್ನು ಮಾತ್ರ ವ್ಯಾಪಾರಚಿಹ್ನೆಯಾಗಿ ನೋಂದಾಯಿಸಬಹುದಾಗಿತ್ತು. ಹೋಟೆಲಿನಂತಹ ಸೇವೆಯ ಹೆಸರಿಗೆ ಆ ಅವಕಾಶ ದೊರೆತದ್ದು 1999ರ ವ್ಯಾಪಾರಚಿಹ್ನೆ ಅಧಿನಿಯಮದಿಂದ. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಕೃಷ್ಣರಾಯರು ತೀರಿಕೊಂಡು 13 ವರ್ಷಗಳಾಗಿದ್ದವು. ಅನ್ಯರು ತನ್ನ ಹೆಸರಿನಲ್ಲಿ ಗ್ರಾಹಕರನ್ನು ವಂಚಿಸಿದರೆ ದಾವೆ ಹೂಡುವ ಹಕ್ಕು ಅದಕ್ಕೂ ಮೊದಲೇ ಇತ್ತಾದರೂ, ಊರೂರು ಅಲೆದು ದಾವೆ ಹೂಡುವುದು ಹೋಟೆಲು ನಡೆಸುವವರಿಗೆ ಸಾಧ್ಯವಾಗುವ ಮಾತಲ್ಲ.

ಇದೇ ಸೀಮೆಯವರು ಬೇರೆ ದಾರಿಯನ್ನು ಹಿಡಿದದ್ದೂ ಉಂಟು. ಉಡುಪಿ ಜಿಲ್ಲೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಎಂಟಿಆರ್ ಎಂದು ಹೆಸರಾಗಿ, 1970ರ ದಶಕದಿಂದ ಸಿದ್ಧ ಮಿಶ್ರಣಗಳನ್ನು ಪೊಟ್ಟಣಗಳಲ್ಲಿ ಮಾರತೊಡಗಿತು. ಪೊಟ್ಟಣವು ಸರಕಾದ್ದರಿಂದ ಅದರ ಗುರುತಿಗೆ ಹಳೆಯ ಕಾನೂನಿನಲ್ಲಿಯೂ ರಕ್ಷಣೆಯಿತ್ತು. 2007ರಲ್ಲಿ ಆ ಆಹಾರೋತ್ಪನ್ನ ಕಂಪೆನಿಯನ್ನು ನಾರ್ವೆಯ ಆರ್ಕ್ಲಾ ಸಂಸ್ಥೆ ಕೊಂಡುಕೊಂಡಿತು.

ಹೆಸರು ಕೈತಪ್ಪಿದ್ದರಿಂದ ಕೃಷ್ಣರಾಯರ ಕುಟುಂಬಕ್ಕೆ ಬರಬಹುದಾಗಿದ್ದ ಆದಾಯ ಬರಲಿಲ್ಲ ಎನ್ನಬಹುದು. ಆದರೆ ಶುಲ್ಕ ಕೊಡಬೇಕಾಗಿದ್ದರೆ ಕರಾವಳಿಯ ಎಷ್ಟು ಬಡ ಹುಡುಗರು ಮಾಲೀಕರಾಗುತ್ತಿದ್ದರು ಎಂಬ ಪ್ರಶ್ನೆಯನ್ನೂ ಇದರೊಡನೆಯೇ ಕೇಳಬೇಕಾಗುತ್ತದೆ.

ಕೊನೆಯ ದಿನಗಳು

ಕೃಷ್ಣರಾಯರು 1990ರಲ್ಲಿ ನಿಧನರಾದರು. ಸರಕಾರವು ಜಾಗವನ್ನು ಹಿಂಪಡೆದುದರಿಂದ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿತು. ಅಲ್ಲಿ ನಿರ್ಮಿಸಲಾದ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನವು 2010ರಲ್ಲಿ ಉದ್ಘಾಟನೆಯಾಯಿತು. ನ್ಯೂ ವುಡ್‌ಲ್ಯಾಂಡ್ಸ್ ರಾಧಾಕೃಷ್ಣನ್ ಸಾಲೈಯಲ್ಲಿ ಮುಂದುವರಿದಿದೆ.