ವಿದ್ವಾಂಸರಾದ ಮೇಲೆ ಎ, ಬಿ, ಸಿ ಕಲಿತ ಮೌಲಾನಾ ಆಜಾದ್



ನವೆಂಬರ್ 11ನ್ನು ನಮ್ಮ ದೇಶದಲ್ಲಿ 2008ರಿಂದ ರಾಷ್ಟ್ರೀಯ ಶಿಕ್ಷಣ ದಿನವಾಗಿ ಆಚರಿಸಲಾಗುತ್ತಿದೆ. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಂ ಆಜಾದ್ ಅವರ ಜನ್ಮದಿನವದು. ಅಂದು ನಾವು ಅವರ ಫೋಟೋಗೆ ಹಾರ ಹಾಕುತ್ತೇವೆ, ಅವರ ಹೋರಾಟ, ಸೆರೆವಾಸ, ಪಾಂಡಿತ್ಯದ ಬಗ್ಗೆ ಭಾಷಣ ಮಾಡುತ್ತೇವೆ. ಆದರೆ ಅವರು ಇಂಗ್ಲಿಷ್ ಕಲಿತ ಬಗೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಮ್ಮ ಕೊಡಗಿನ ಮಕ್ಕಳಿಗೆ ಇಂದು ಹೆಚ್ಚು ಬೇಕಾಗಿರುವುದು ಅವರ ಬದುಕಿನ ಆ ಭಾಗವೇ.

ನಮ್ಮ ಮಕ್ಕಳ ಪರಿಸ್ಥಿತಿ ನಿಮಗೆ ಗೊತ್ತಿದೆ. ಮನೆಯಲ್ಲಿ ಉರ್ದು, ಮಲಯಾಳಂ ಅಥವಾ ಬ್ಯಾರಿ. ಅಂಗಡಿ, ಬಸ್ಸು, ಶಾಲೆಯಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ ಅಕ್ಷರ. ಹದಿನೈದು ವರ್ಷಕ್ಕೆ ಮೂರು ನಾಲ್ಕು ಭಾಷೆ ಬಲ್ಲ ಮಗು, ಪಿಯುಸಿ ವಿಜ್ಞಾನ ಅಥವಾ ವಾಣಿಜ್ಯ ತರಗತಿಯಲ್ಲಿ ಇಂಗ್ಲಿಷ್ ಪಾಠ ಕೇಳಿ ತಲೆ ತಗ್ಗಿಸಿ ಕೂರುತ್ತದೆ. ಈ ವಯಸ್ಸಿನಲ್ಲಿ ಒಂದನೇ ತರಗತಿಯ ಪುಸ್ತಕ ಹಿಡಿದರೆ ಜನ ನಗುವುದಿಲ್ಲವೇ ಎಂಬ ನಾಚಿಕೆ ಬೇರೆ. ಈ ನಾಚಿಕೆಯಿಂದಲೇ ಓದು ಬಿಟ್ಟವರು ನಮ್ಮ ನಡುವೆ ಇದ್ದಾರೆ. ಅಂಥವರು ಮೌಲಾನಾರ ಬದುಕನ್ನು ಗಮನವಿಟ್ಟು ಓದಬೇಕು.

ಆಜಾದರು ಹುಟ್ಟಿದ್ದು 1888ರಲ್ಲಿ, ಪವಿತ್ರ ಮಕ್ಕಾ ನಗರದಲ್ಲಿ. ಹೆಸರು ಮುಹಿಯುದ್ದೀನ್ ಅಹ್ಮದ್. ತಂದೆ ಮೌಲಾನಾ ಖೈರುದ್ದೀನ್ ಹೆಸರಾಂತ ವಿದ್ವಾಂಸರು, ತಾಯಿ ಅರಬ್ ಮನೆತನದವರು. ಮಗು ಇನ್ನೂ ಚಿಕ್ಕದಿರುವಾಗಲೇ ಕುಟುಂಬ ಕಲ್ಕತ್ತಾಕ್ಕೆ ಬಂದು ನೆಲೆಸಿತು. ತಂದೆಯವರಿಗೆ ಪಾಶ್ಚಾತ್ಯ ಶಿಕ್ಷಣದಲ್ಲಿ ನಂಬಿಕೆ ಇರಲಿಲ್ಲ. ಮಗನನ್ನು ಆಧುನಿಕ ಶಾಲೆಗೆ ಸೇರಿಸಲಿಲ್ಲ, ಕಲ್ಕತ್ತಾ ಮದ್ರಸಕ್ಕೂ ಕಳುಹಿಸಲಿಲ್ಲ. ಮೊದಲು ತಾವೇ ಪಾಠ ಹೇಳಿ, ಅನಂತರ ಒಂದೊಂದು ವಿಷಯಕ್ಕೂ ಮನೆಗೆ ಗುರುಗಳನ್ನು ಕರೆಸಿದರು. ಪಾರಸಿ, ಅರಬಿ, ತತ್ತ್ವಶಾಸ್ತ್ರ, ತರ್ಕ, ರೇಖಾಗಣಿತ, ಬೀಜಗಣಿತ ಹೀಗೆ ಪಾಠ ನಡೆಯಿತು. ಸಾಮಾನ್ಯವಾಗಿ ವಿದ್ಯಾರ್ಥಿಗಳು ಇಪ್ಪತ್ತರಿಂದ ಇಪ್ಪತ್ತೈದು ವರ್ಷದೊಳಗೆ ಮುಗಿಸುತ್ತಿದ್ದ ಆ ಪಠ್ಯಕ್ರಮವನ್ನು ಅವರು ಹದಿನಾರನೇ ವಯಸ್ಸಿಗೇ ಮುಗಿಸಿದರು. ತಂದೆ ಸುಮಾರು ಹದಿನೈದು ಮಂದಿ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿದರು. ಮಗ ಅವರಿಗೆ ಗುರುವಾಗಿ ಉನ್ನತ ತತ್ತ್ವಶಾಸ್ತ್ರ, ಗಣಿತ, ತರ್ಕಗಳನ್ನು ಕಲಿಸಿದರು.

ಇಷ್ಟೆಲ್ಲ ಕಲಿತ ಆ ಯುವಕನಿಗೆ ಇಂಗ್ಲಿಷಿನ ಅಕ್ಷರಮಾಲೆಯೂ ಬರುತ್ತಿರಲಿಲ್ಲ.

ಆ ಸಮಯದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರ ಬರಹಗಳು ಅವರ ಕೈಗೆ ಬಂದವು. 1875ರಲ್ಲಿ ಅಲಿಗಢದಲ್ಲಿ ಆಧುನಿಕ ಶಿಕ್ಷಣದ ಸಂಸ್ಥೆ ಕಟ್ಟಿದ ಮಹನೀಯರವರು. ಆಧುನಿಕ ವಿಜ್ಞಾನ, ತತ್ತ್ವಶಾಸ್ತ್ರ, ಸಾಹಿತ್ಯಗಳನ್ನು ಓದದವರನ್ನು ವಿದ್ಯಾವಂತರೆನ್ನಲು ಸಾಧ್ಯವಿಲ್ಲ ಎಂಬ ಅರಿವು ಆಜಾದರಿಗೆ ಆಗ ಮೂಡಿತು. ಅದಕ್ಕೆ ಇಂಗ್ಲಿಷ್ ಬೇಕೇಬೇಕು ಎಂದು ತೀರ್ಮಾನಿಸಿದರು. ತಂದೆಯ ಅಭಿಪ್ರಾಯ ಬೇರೆಯಿತ್ತು, ಸುತ್ತಲಿನ ವಾತಾವರಣವೂ ಬೇರೆಯಿತ್ತು. ಹಾಗಿದ್ದೂ ಅವರು ಹಿಂಜರಿಯಲಿಲ್ಲ.

ಅಂದು ಪೌರಸ್ತ್ಯ ಪಠ್ಯಕ್ರಮದ ಮುಖ್ಯ ಪರೀಕ್ಷಕರಾಗಿದ್ದ ಮೌಲವಿ ಮುಹಮ್ಮದ್ ಯೂಸುಫ್ ಜಾಫ್ರಿಯವರ ಬಳಿ ಹೋದರು. ಜಾಫ್ರಿಯವರು ಎ, ಬಿ, ಸಿ ಬರೆಸಿ, ಪ್ಯಾರಿಚರಣ್ ಸರ್ಕಾರ್ ಅವರ ಫಸ್ಟ್ ಬುಕ್ ಕೈಗಿತ್ತರು. ಅದು ಬಂಗಾಳದಲ್ಲಿ ಸಣ್ಣ ಮಕ್ಕಳು ಇಂಗ್ಲಿಷ್ ಕಲಿಯಲು ಬಳಸುತ್ತಿದ್ದ ಪುಸ್ತಕ. ತರ್ಕಶಾಸ್ತ್ರ ಕಲಿಸುತ್ತಿದ್ದ ಗುರು, ಸಣ್ಣ ಮಕ್ಕಳ ಪುಸ್ತಕದ ಮುಂದೆ ಕುಳಿತು ಅಕ್ಷರ ಕೂಡಿಸಿ ಓದಿದರು. ಇದರಿಂದ ಅವರ ಪಾಂಡಿತ್ಯಕ್ಕೆ ಕುಂದು ಬಂತೇ? ನೀವೇ ಹೇಳಿ.

ಸ್ವಲ್ಪ ಓದಲು ಬಂದ ಕೂಡಲೇ ಅವರು ಬೈಬಲಿನ ಇಂಗ್ಲಿಷ್, ಪಾರಸಿ, ಉರ್ದು ಪ್ರತಿಗಳನ್ನು ತಂದು ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದರು. ಇದರ ಜಾಣತನವನ್ನು ಗಮನಿಸಿರಿ. ಪಾರಸಿ, ಉರ್ದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಇಬ್ರಾಹಿಂ, ಯೂಸುಫ್, ಮೂಸಾರಂಥ ಪ್ರವಾದಿಗಳ ವೃತ್ತಾಂತ ಕುರ್‌ಆನ್ ಬಲ್ಲವರಿಗೆ ಹೊಸದಲ್ಲ. ವಿಷಯ ಗೊತ್ತಿದ್ದದ್ದು, ಹೊಸದಾಗಿದ್ದದ್ದು ಇಂಗ್ಲಿಷ್ ಮಾತ್ರ. ಇದರ ಜೊತೆಗೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪತ್ರಿಕೆ ಓದತೊಡಗಿದರು. ಹೀಗೆ ಬೇಗನೆ ಇಂಗ್ಲಿಷ್ ಪುಸ್ತಕಗಳನ್ನು ಓದುವಷ್ಟಾಗಿ, ಚರಿತ್ರೆ ಮತ್ತು ತತ್ತ್ವಶಾಸ್ತ್ರದ ಗ್ರಂಥಗಳಿಗೆ ಕೈಹಾಕಿದರು. ಆ ದಿನಗಳಲ್ಲೇ ಆಜಾದ್, ಅಂದರೆ ಸ್ವತಂತ್ರ, ಎಂಬ ಕಾವ್ಯನಾಮವನ್ನೂ ತಮ್ಮದಾಗಿಸಿಕೊಂಡರು.

ಮುಂದಿನ ಕಥೆ ನಿಮಗೆ ತಿಳಿದದ್ದೇ. 1912ರಲ್ಲಿ ಕಲ್ಕತ್ತಾದಿಂದ ಅಲ್ ಹಿಲಾಲ್ ಎಂಬ ಉರ್ದು ವಾರಪತ್ರಿಕೆ ಹೊರಡಿಸಿದರು. ಸರ್ಕಾರ ಅದರ ಬಾಯಿ ಮುಚ್ಚಿಸಿತು. 1916ರಲ್ಲಿ ಅವರನ್ನು ಬಂಗಾಳದಿಂದ ಹೊರಹಾಕಿ, ಅನಂತರ ರಾಂಚಿಯಲ್ಲಿ ಗೃಹಬಂಧನದಲ್ಲಿಟ್ಟಿತು. 1923ರಲ್ಲಿ ದೆಹಲಿಯ ವಿಶೇಷ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. 1940ರಿಂದ 1946ರವರೆಗೆ ಮತ್ತೆ ಕಾಂಗ್ರೆಸ್ ಅಧ್ಯಕ್ಷರು. 1942ರಲ್ಲಿ ಅಹ್ಮದ್‌ನಗರ ಕೋಟೆಯಲ್ಲಿ ಸೆರೆಯಲ್ಲಿದ್ದರು. 1943ರಲ್ಲಿ ಪತ್ನಿ ಜುಲೈಖಾ ಬೇಗಂ ತೀರಿಕೊಂಡಾಗಲೂ ಅವರು ಸೆರೆಯಲ್ಲೇ ಇದ್ದರು. ಸ್ವಾತಂತ್ರ್ಯ ಬಂದ ಮೇಲೆ 1958ರ ಫೆಬ್ರವರಿ 22ರಂದು ಕೊನೆಯುಸಿರೆಳೆಯುವವರೆಗೂ ಶಿಕ್ಷಣ ಖಾತೆ ಅವರದೇ. ಶಾಲೆ ಕಾಲೇಜು ಕಾಣದ ಅವರ ಕಾಲದಲ್ಲೇ 1948ರಲ್ಲಿ ರಾಧಾಕೃಷ್ಣನ್ ನೇತೃತ್ವದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ, 1951ರಲ್ಲಿ ಖರಗಪುರದ ಐಐಟಿ, 1953ರಲ್ಲಿ ಯುಜಿಸಿ ಬಂದವು. 1992ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಸಂದಿತು.

ಇಲ್ಲಿ ಇನ್ನೊಂದು ಸಂಗತಿಯಿದೆ. ಇಂಗ್ಲಿಷ್ ಕಲಿತರೂ ಮೌಲಾನಾ ಉರ್ದು ಬಿಡಲಿಲ್ಲ. ಬ್ರಿಟಿಷ್ ಪ್ರತಿನಿಧಿಗಳ ಜೊತೆಗಿನ ಮಾತುಕತೆಯಲ್ಲೂ ದುಭಾಷಿಯನ್ನಿಟ್ಟುಕೊಂಡು ಉರ್ದುವಿನಲ್ಲೇ ಮಾತಾಡಿದರು. ತಮ್ಮ ಆತ್ಮಕಥನ ಇಂಡಿಯಾ ವಿನ್ಸ್ ಫ್ರೀಡಂನ ಸಂಗತಿಗಳನ್ನು ಹುಮಾಯೂನ್ ಕಬೀರರಿಗೆ ಹೇಳಿದ್ದೂ ಉರ್ದುವಿನಲ್ಲೇ. ಕಬೀರರು ಅದನ್ನು ಇಂಗ್ಲಿಷಿನಲ್ಲಿ ಬರೆದು ತಂದರೆ, ಮೌಲಾನಾ ಒಂದೊಂದು ಅಧ್ಯಾಯವನ್ನೂ ಓದಿ ತಿದ್ದುತ್ತಿದ್ದರು. ಫಸ್ಟ್ ಬುಕ್ಕಿನಿಂದ ಆರಂಭಿಸಿದವರು ಇಂಗ್ಲಿಷ್ ಹಸ್ತಪ್ರತಿಯನ್ನು ತಿದ್ದುವ ಮಟ್ಟಕ್ಕೆ ಏರಿದ್ದರು. ಆ ಪುಸ್ತಕ ಅವರ ಮರಣಾನಂತರ, 1959ರಲ್ಲಿ ಹೊರಬಂತು.

ಮಿತ್ರರೇ, ಅವರ ದಾರಿಯನ್ನು ನಾವೂ ಹಿಡಿಯಬಹುದು. ಮೊದಲು ಒಂದನೇ, ಎರಡನೇ ತರಗತಿಯ ಇಂಗ್ಲಿಷ್ ಪುಸ್ತಕ ತೆಗೆದು ಗಟ್ಟಿಯಾಗಿ ಓದಿರಿ, ಬರೆಯಿರಿ. ಮನೆಯ ಚಿಕ್ಕ ತಮ್ಮನದೋ ತಂಗಿಯದೋ ಪುಸ್ತಕವಾದರೂ ಸರಿ. ಆಮೇಲೆ ಗೊತ್ತಿರುವ ವಿಷಯವನ್ನೇ ಎರಡು ಭಾಷೆಯಲ್ಲಿ ಓದಿರಿ. ಮಳೆಗಾಲದಲ್ಲಿ ಶಕ್ತಿ ಪತ್ರಿಕೆಯಲ್ಲಿ ಹಾರಂಗಿ ಜಲಾಶಯದ ನೀರಿನ ಮಟ್ಟ ಓದುತ್ತೀರಲ್ಲ, ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲೂ ಹುಡುಕಿರಿ. ಗರಿಷ್ಠ ಮಟ್ಟ 2,859 ಅಡಿ ಎಂಬುದು ಎರಡರಲ್ಲೂ ಒಂದೇ. ಒಳಹರಿವಿಗೆ ಇನ್‌ಫ್ಲೋ, ಹೊರಹರಿವಿಗೆ ಔಟ್‌ಫ್ಲೋ ಎನ್ನುತ್ತಾರೆಂದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಕಾಫಿ, ಕಾಳುಮೆಣಸಿನ ಧಾರಣೆಯ ಸುದ್ದಿಯನ್ನೂ ಹೀಗೆಯೇ ಓದಬಹುದು. ದಿನಕ್ಕೆ ಐದು ಪದಗಳನ್ನು ನಿಘಂಟು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವರ್ಷಕ್ಕೆ 1,825 ಪದಗಳಾಗುತ್ತವೆ. ಓದಿ ಅರ್ಥವಾಗತೊಡಗಿದ ಮೇಲೆ, ಬಸ್ ನಿಲ್ದಾಣದಲ್ಲೋ ಬ್ಯಾಂಕಿನಲ್ಲೋ ಕೇಳಬೇಕಾದ ಸಣ್ಣ ಪ್ರಶ್ನೆಗಳನ್ನು ಗೆಳೆಯರೊಡನೆ ಇಂಗ್ಲಿಷಿನಲ್ಲಿ ಕೇಳಿ ನೋಡಿರಿ. ತಪ್ಪಾದರೆ ತಿದ್ದಿಕೊಳ್ಳಬಹುದು.

ಪೋಷಕರಲ್ಲಿ ಒಂದು ವಿನಂತಿ. ಇಂಗ್ಲಿಷ್ ಬರಲೆಂದು ಮನೆಯ ಭಾಷೆಯನ್ನು ಮಕ್ಕಳ ಬಾಯಿಂದ ಬಿಡಿಸಬೇಡಿ. ಮೌಲಾನಾರನ್ನು ಇಂಗ್ಲಿಷಿಗೆ ಕರೆದೊಯ್ದದ್ದು ಅವರ ಉರ್ದು ಮತ್ತು ಪಾರಸಿಯೇ. ಹಾಗೆಯೇ, ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ಮಗಳನ್ನೋ ಮಗನನ್ನೋ ಹತ್ತನೇ ತರಗತಿಗೇ ನಿಲ್ಲಿಸಬೇಡಿ. ಕಲಿಯುವ ವಯಸ್ಸು ದಾಟಿಹೋಗಿಲ್ಲ. ಮೌಲಾನಾ ಕೂಡ ಆ ವಯಸ್ಸಿನಲ್ಲೇ ಎ, ಬಿ, ಸಿ ಕಲಿಯಲು ಕುಳಿತವರು.