ಶಂಕರನ್ ನಾಯರ್: ಕೇಸ್ ಸೋತರೂ ಕ್ಷಮೆ ಕೇಳದ ವಕೀಲರು

2025ರಲ್ಲಿ ಕೇಸರಿ ಚಾಪ್ಟರ್ 2 ಸಿನಿಮಾ ಬಂತಲ್ಲ, ನಮ್ಮಲ್ಲಿ ಎಷ್ಟೋ ಜನ ಅದನ್ನ ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ಕೂತು ನೋಡಿದ್ವಿ. ಅಕ್ಷಯ್ ಕುಮಾರ್ ಕೋರ್ಟಿನಲ್ಲಿ ನಿಂತು ಬ್ರಿಟಿಷರನ್ನ ಒಂದೊಂದೇ ಪ್ರಶ್ನೆ ಕೇಳಿ ಬೆವರಿಳಿಸುವಾಗ ಚಪ್ಪಾಳೆ ಹೊಡೆದ್ವಿ. ಆಮೇಲೆ ಕುತೂಹಲಕ್ಕೆ ನಿಜವಾದ ಶಂಕರನ್ ನಾಯರ್ ಬಗ್ಗೆ ಓದೋಕೆ ಶುರು ಮಾಡಿದಾಗ ನಮಗೆ ಆಶ್ಚರ್ಯ ಆಯ್ತು. ನಿಜ ಕಥೆ ಸಿನಿಮಾಗೆ ಪೂರ್ತಿ ಉಲ್ಟಾ ಇದೆ. ಜಲಿಯನ್‌ವಾಲಾ ಬಾಗ್ ವಿಚಾರದಲ್ಲಿ ನಾಯರ್ ಯಾರ ಮೇಲೂ ಕೇಸ್ ಹಾಕಲಿಲ್ಲ. ಅವರ ಮೇಲೇ ಕೇಸ್ ಬಿತ್ತು. ಅದು ನಡೆದದ್ದು ಭಾರತದಲ್ಲಲ್ಲ, ಲಂಡನ್ನಿನಲ್ಲಿ. ಮತ್ತು ಅವರು ಆ ಕೇಸನ್ನ ಸೋತರು. ಹಾಗಾದರೆ ಸೋತವರ ಕಥೆ ಯಾಕೆ ಹೇಳಬೇಕು? ಅದನ್ನೇ ಇಲ್ಲಿ ಬರೀತಿದೀವಿ.

ಚೆಟ್ಟೂರ್ ಶಂಕರನ್ ನಾಯರ್ ಹುಟ್ಟಿದ್ದು 1857ರ ಜುಲೈ 11ರಂದು, ಪಾಲಕ್ಕಾಡ್ ಹತ್ತಿರದ ಮಂಕರ ಅನ್ನೋ ಊರಲ್ಲಿ. ಆಗ ಮಲಬಾರ್ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಮಂಗಳೂರು, ಬಳ್ಳಾರಿ ಕೂಡ ಅದೇ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಮೇಲ್ಮನವಿಗಳು ಹೋಗುತ್ತಿದ್ದದ್ದು ಮದ್ರಾಸ್ ಹೈಕೋರ್ಟಿಗೇ. ನಾಯರ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು, 1880ರಲ್ಲಿ ಅದೇ ಹೈಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿದರು. ಆ ಕಾಲದಲ್ಲಿ ದೊಡ್ಡ ಕೇಸುಗಳೆಲ್ಲ ಇಂಗ್ಲಿಷ್ ಬ್ಯಾರಿಸ್ಟರ್‌ಗಳ ಕೈಯಲ್ಲಿದ್ದವು. ಅಂಥ ಕಡೆ ಒಬ್ಬ ಭಾರತೀಯ ಹೆಸರು ಮಾಡೋದು ಸುಲಭ ಇರಲಿಲ್ಲ.

ಅವರು ಬರೀ ವಕೀಲರಾಗಿ ಉಳಿಯಲಿಲ್ಲ. ಮಲಬಾರಿನ ಅಳಿಯಕಟ್ಟಿನ ಕುಟುಂಬಗಳಲ್ಲಿ ಮದುವೆಗೆ ಕಾನೂನಿನ ಮಾನ್ಯತೆ ಸಿಗಲಿ ಅಂತ ಮಸೂದೆ ತಂದರು, ಅದು 1896ರಲ್ಲಿ ಕಾಯ್ದೆ ಆಯ್ತು. 1897ರಲ್ಲಿ ಅಮರಾವತಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. 1908ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು. 1912ರಲ್ಲಿ ಸರ್ ಪದವಿ ಬಂತು. 1915ರಲ್ಲಿ ವೈಸರಾಯ್ ಅವರ ಕಾರ್ಯಕಾರಿ ಮಂಡಳಿಗೆ ಸೇರಿ ಶಿಕ್ಷಣ ಖಾತೆ ವಹಿಸಿಕೊಂಡರು. ಈಗಿನ ಕೇಂದ್ರ ಸಚಿವ ಸಂಪುಟ ಇದ್ದ ಹಾಗೆ ಅದು. ಆ ಮಂಡಳಿಯಲ್ಲಿ ಆಗ ಇದ್ದ ಒಬ್ಬರೇ ಒಬ್ಬ ಭಾರತೀಯರು ಇವರು. ಒಬ್ಬ ಭಾರತೀಯನಿಗೆ ಬ್ರಿಟಿಷ್ ಸರ್ಕಾರದಲ್ಲಿ ಅದಕ್ಕಿಂತ ಮೇಲಿನ ಕುರ್ಚಿ ಇರಲೇ ಇಲ್ಲ ಅನ್ನಬಹುದು.

ಆ ಕುರ್ಚಿಯಲ್ಲಿ ಕೂತಿದ್ದಾಗಲೇ 1919ರ ಏಪ್ರಿಲ್ ಬಂತು.

ರೌಲಟ್ ಕಾಯ್ದೆಯ ವಿರುದ್ಧ ದೇಶದ ತುಂಬ ಸಿಟ್ಟಿತ್ತು. ಏಪ್ರಿಲ್ 10ರಂದು ಅಮೃತಸರದ ನಾಯಕರಾದ ಡಾ. ಸತ್ಯಪಾಲ್ ಮತ್ತು ಡಾ. ಕಿಚ್ಲೂ ಅವರನ್ನ ಹಿಡಿದು ಊರಿಂದ ಹೊರಗೆ ಸಾಗಿಸಿದರು. ಜನ ಕೇಳೋಕೆ ಹೋದಾಗ ಗುಂಡು ಹಾರಿತು. ಆಮೇಲೆ ಗಲಭೆ ಆಗಿ ಐದು ಜನ ಯೂರೋಪಿಯನ್ನರ ಕೊಲೆ ಆಯ್ತು. ಇದನ್ನ ಮುಚ್ಚಿಡೋ ಅಗತ್ಯ ಇಲ್ಲ. ಆದರೆ ಮೂರು ದಿನ ಬಿಟ್ಟು, ಏಪ್ರಿಲ್ 13ರ ಬೈಸಾಖಿ ದಿನ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ಜನರ ಕೈಯಲ್ಲಿ ಬಂದೂಕು ಇರಲಿಲ್ಲ. ಎಷ್ಟೋ ಜನ ಹಬ್ಬಕ್ಕೆ ಅಂತ ಹಳ್ಳಿಗಳಿಂದ ಬಂದವರು. ಜನರಲ್ ಡಯರ್ ಸೈನಿಕರನ್ನ ಕರೆದುಕೊಂಡು ಬಂದ. ಚದುರಿ ಹೋಗಿ ಅಂತ ಒಂದು ಎಚ್ಚರಿಕೆ ಕೂಡ ಕೊಡದೆ ಗುಂಡು ಹಾರಿಸೋಕೆ ಹೇಳಿದ.

ನಾವು ಎಂಜಿನಿಯರಿಂಗ್ ಓದೋರು, ಒಂದು ಸಣ್ಣ ಲೆಕ್ಕ ಮಾಡೋಣ. ಗುಂಡು ಹಾರಿಸಿದ ಸೈನಿಕರು ಸುಮಾರು 50. ಖರ್ಚಾದ ಗುಂಡು 1650. ಸಮಯ ಸುಮಾರು 10 ನಿಮಿಷ. ಅಂದರೆ ಒಬ್ಬೊಬ್ಬರಿಗೆ 33 ಗುಂಡು, ನಿಮಿಷಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಅದು .303 ರೈಫಲ್. ಬಟನ್ ಒತ್ತಿದರೆ ಸುರಿಯೋ ಮೆಷಿನ್ ಗನ್ ಅಲ್ಲ. ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯಬೇಕು, ಗುರಿ ಇಡಬೇಕು, ಟ್ರಿಗರ್ ಒತ್ತಬೇಕು. ಮ್ಯಾಗಜೀನ್‌ನಲ್ಲಿ ಹಿಡಿಯೋದು ಹತ್ತು, ಆದ್ದರಿಂದ ಮಧ್ಯೆ ಮಧ್ಯೆ ಮತ್ತೆ ತುಂಬಬೇಕು. ಗಾಬರಿಯಲ್ಲಿ ಒಂದು ಕ್ಷಣಕ್ಕೆ ಆದ ತಪ್ಪು ಇದಲ್ಲ ಅಂತ ಈ ಲೆಕ್ಕವೇ ಹೇಳುತ್ತೆ. ನಿಲ್ಲಿಸಿ ಅಂತ ಹೇಳೋಕೆ ಆ ಹತ್ತು ನಿಮಿಷದಲ್ಲಿ ಎಷ್ಟೋ ಅವಕಾಶ ಇತ್ತು. ಸರ್ಕಾರವೇ ಒಪ್ಪಿಕೊಂಡ ಸಾವಿನ ಸಂಖ್ಯೆ 379. ಕಾಂಗ್ರೆಸ್ ಮಾಡಿಸಿದ ವಿಚಾರಣೆ ಪ್ರಕಾರ ಸುಮಾರು 1000.

ಆಮೇಲೆ ಪಂಜಾಬಿನಲ್ಲಿ ಮಾರ್ಷಲ್ ಲಾ ಬಂತು. ಗುಜ್ರಾನ್‌ವಾಲಾದ ಮೇಲೆ ವಿಮಾನದಿಂದ ಬಾಂಬ್ ಹಾಕಿದರು. ಅಮೃತಸರದಲ್ಲಿ ಇಂಗ್ಲಿಷ್ ಮಹಿಳೆಯೊಬ್ಬರ ಮೇಲೆ ಹಲ್ಲೆ ನಡೆದಿದ್ದ ಗಲ್ಲಿಯಲ್ಲಿ ಭಾರತೀಯರು ಹೊಟ್ಟೆ ಮೇಲೆ ತೆವಳಿಕೊಂಡೇ ಹೋಗಬೇಕು ಅಂತ ಆಜ್ಞೆ ಆಯ್ತು. ಪತ್ರಿಕೆಗಳ ಮೇಲೆ ನಿರ್ಬಂಧ ಇದ್ದಿದ್ದರಿಂದ ಸುದ್ದಿ ಹೊರಗೆ ಬರೋಕೆ ವಾರಗಟ್ಟಲೆ ಹಿಡೀತು.

ನಾಯರ್ ಅವರಿಗೆ ವಿವರ ತಿಳಿಯುತ್ತಾ ಹೋದ ಹಾಗೆ, ತಾವು ಯಾವ ಸರ್ಕಾರದ ಭಾಗ ಆಗಿದ್ದೇವೆ ಅನ್ನೋ ಪ್ರಶ್ನೆ ಎದುರಾಯ್ತು. ಅವರು ಗುಂಡು ಹಾರಿಸಿರಲಿಲ್ಲ, ಆಜ್ಞೆ ಕೊಟ್ಟಿರಲಿಲ್ಲ. ಅವರದ್ದು ಶಿಕ್ಷಣ ಖಾತೆ. ನನಗೂ ಇದಕ್ಕೂ ಸಂಬಂಧ ಇಲ್ಲ ಅಂತ ಸುಮ್ಮನೆ ಇರಬಹುದಿತ್ತು. ಆದರೆ ಪಂಜಾಬಿನಲ್ಲಿ ಆಗಿದ್ದನ್ನ ಸಮರ್ಥಿಸಿಕೊಂಡ ಸರ್ಕಾರದಲ್ಲಿ ಕೂತಿದ್ದರೆ ತಾನೂ ಅದಕ್ಕೆ ಹೊಣೆ ಅಂತ ಅವರಿಗೆ ಅನ್ನಿಸಿತು. 1919ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಆಗಿನ ಒಂದು ಪ್ರಸಂಗ ಇವತ್ತಿಗೂ ಹೇಳ್ತಾರೆ. ನಿಮ್ಮ ಜಾಗಕ್ಕೆ ಯಾರನ್ನ ತರಬಹುದು ಅಂತ ವೈಸರಾಯ್ ಚೆಮ್ಸ್‌ಫರ್ಡ್ ಕೇಳಿದಾಗ, ನಾಯರ್ ಬಾಗಿಲಲ್ಲಿ ಪೇಟ ಸುತ್ತಿಕೊಂಡು ನಿಂತಿದ್ದ ಜವಾನನ ಕಡೆ ಕೈ ತೋರಿಸಿದರಂತೆ. ಎತ್ತರ ಇದ್ದಾನೆ, ನೋಡೋಕೆ ಚೆನ್ನಾಗಿದ್ದಾನೆ, ನೀವು ಹೇಳಿದ್ದಕ್ಕೆಲ್ಲ ಹೂಂ ಅಂತಾನೆ, ಇನ್ನೇನು ಬೇಕು ಅನ್ನೋದು ಅವರ ಉತ್ತರದ ಅರ್ಥ.

ಈಗ ಹೊಣೆ ಹೊರಬೇಕಾದವರಿಗೆ ಏನಾಯ್ತು ನೋಡಿ. 1919ರ ಸೆಪ್ಟೆಂಬರ್‌ನಲ್ಲಿ, ಅಂದರೆ ವಿಚಾರಣೆ ಶುರು ಆಗೋ ಮೊದಲೇ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗಳಿಗೆ ರಕ್ಷಣೆ ಕೊಡೋ ಕಾಯ್ದೆ ಪಾಸ್ ಆಯ್ತು. ಆಮೇಲೆ ಹಂಟರ್ ಸಮಿತಿ ಕೂತಿತು. ಅದರ ಮುಂದೆ ಡಯರ್ ಏನನ್ನೂ ಮುಚ್ಚಿಡಲಿಲ್ಲ. ಗುಂಡು ಹಾರಿಸದೇನೂ ಜನರನ್ನ ಚದುರಿಸಬಹುದಿತ್ತು, ಆದರೆ ಇಡೀ ಪಂಜಾಬಿಗೆ ಪಾಠ ಆಗಬೇಕಿತ್ತು ಅಂತ ಒಪ್ಪಿಕೊಂಡ. ದಾರಿ ಅಗಲ ಇದ್ದಿದ್ದರೆ ಮೆಷಿನ್ ಗನ್ ಇದ್ದ ಗಾಡಿಗಳನ್ನೂ ಒಳಗೆ ತರುತ್ತಿದ್ದೆ ಅಂದ. ಗಾಯಗೊಂಡವರನ್ನ ನೋಡಿಕೊಳ್ಳೋದು ತನ್ನ ಕೆಲಸ ಅಲ್ಲ ಅಂದ. ಸಮಿತಿಯಲ್ಲಿದ್ದ ಮೂವರು ಭಾರತೀಯ ಸದಸ್ಯರು ಬೇರೆಯಾಗಿ, ಇನ್ನೂ ಕಟುವಾದ ವರದಿ ಬರೆದರು. ಇಷ್ಟಾದರೂ ಡಯರ್ ಮೇಲೆ ಯಾವ ಕೋರ್ಟಿನಲ್ಲೂ ಕೊಲೆ ಕೇಸ್ ನಡೆಯಲಿಲ್ಲ. ಹುದ್ದೆಯಿಂದ ಇಳಿಸಿದರು, ಅಷ್ಟೇ. 1920ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 129ಕ್ಕೆ 86 ಮತಗಳಿಂದ ಡಯರ್ ಪರವಾಗಿ ನಿಂತಿತು. ಅಲ್ಲಿನ ಒಂದು ಪತ್ರಿಕೆ ಅವನಿಗೋಸ್ಕರ 26,000 ಪೌಂಡಿಗೂ ಹೆಚ್ಚು ಹಣ ಒಟ್ಟು ಮಾಡಿತು. ಅವನ ಕೃತ್ಯವನ್ನ ಒಪ್ಪಿದ್ದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವಾಯರ್‌ಗೆ ಅಷ್ಟು ಶಿಕ್ಷೆಯೂ ಆಗಲಿಲ್ಲ. ಹೆಸರು ಒಂದೇ ಥರ ಕೇಳುತ್ತೆ, ಆದ್ದರಿಂದ ನೆನಪಿರಲಿ: ಗುಂಡು ಹಾರಿಸೋಕೆ ಹೇಳಿದವ ಡಯರ್, ಪ್ರಾಂತ್ಯ ಆಳುತ್ತಿದ್ದವ ಓಡ್ವಾಯರ್.

1922ರಲ್ಲಿ ನಾಯರ್ ಗಾಂಧಿ ಆಂಡ್ ಅನಾರ್ಕಿ ಅನ್ನೋ ಪುಸ್ತಕ ಬರೆದರು. ಹೆಸರೇ ಹೇಳುವ ಹಾಗೆ ಅದು ಮುಖ್ಯವಾಗಿ ಗಾಂಧೀಜಿಯವರ ಅಸಹಕಾರ ಚಳವಳಿಯನ್ನ ಟೀಕಿಸಿದ ಪುಸ್ತಕ. ಕಾನೂನು ಮುರಿದು ಸ್ವಾತಂತ್ರ್ಯ ಪಡೆಯೋ ದಾರಿ ಅವರಿಗೆ ಒಪ್ಪಿಗೆ ಇರಲಿಲ್ಲ. ಈ ವಿಷಯದಲ್ಲಿ ಅವರನ್ನ ಒಪ್ಪಬೇಕು ಅಂತೇನಿಲ್ಲ, ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಜಗಳ ಆಯ್ತು. ಆದರೆ ಅದೇ ಪುಸ್ತಕದಲ್ಲಿ ಪಂಜಾಬಿನ ದೌರ್ಜನ್ಯಗಳಿಗೆ ಓಡ್ವಾಯರ್ ಹೊಣೆ ಅಂತಲೂ ಬರೆದಿದ್ದರು. ಕಾನೂನು ಜನರಿಗೂ ಒಂದೇ, ಆಳುವವರಿಗೂ ಒಂದೇ ಅನ್ನೋದು ಅವರ ನಿಲುವು ಅಂತ ನಮಗೆ ಅರ್ಥ ಆಗಿದ್ದು ಇಲ್ಲೇ. ಓಡ್ವಾಯರ್ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ.

1924ರ ಏಪ್ರಿಲ್ 30ರಂದು ವಿಚಾರಣೆ ಶುರುವಾಯ್ತು. ಐದು ವಾರ ನಡೀತು. ನಾಯರ್ ಅವರಿಗೆ ಆಗ ಹತ್ತಿರ ಹತ್ತಿರ 67 ವರ್ಷ. ಜಾಗ ಲಂಡನ್, ನ್ಯಾಯಾಧೀಶರು ಇಂಗ್ಲಿಷರು, ಜ್ಯೂರಿಯ 12 ಜನರೂ ಅಲ್ಲಿನವರೇ. ಪಂಜಾಬಿನ ಸಾಕ್ಷಿಗಳನ್ನ ಅಷ್ಟು ದೂರ ಕರೆದುಕೊಂಡು ಹೋಗೋಕೆ ಆಗದೆ, ಇಲ್ಲೇ ಹೇಳಿಕೆ ಪಡೆದು ಕಾಗದದ ಮೇಲೆ ಕಳಿಸಬೇಕಾಯ್ತು. ಬರೆದಿದ್ದು ಸತ್ಯ ಅಂತ ಸಾಬೀತು ಮಾಡೋ ಭಾರ ನಾಯರ್ ಮೇಲೆ. ನ್ಯಾಯಾಧೀಶ ಮೆಕಾರ್ಡಿ ಅಂತೂ, ಡಯರ್ ಮಾಡಿದ್ದು ಸರಿ, ಅವನಿಗೆ ಶಿಕ್ಷೆ ಕೊಟ್ಟಿದ್ದೇ ತಪ್ಪು ಅನ್ನೋ ತಮ್ಮ ಅಭಿಪ್ರಾಯವನ್ನ ಜ್ಯೂರಿ ಮುಂದೆ ಬಾಯಿಬಿಟ್ಟು ಹೇಳಿದರು. ಆ ಮಾತಿನ ಬಗ್ಗೆ ಆಮೇಲೆ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲೂ ಗಲಾಟೆ ಆಯ್ತು.

ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಬಹುಮತದ ತೀರ್ಪಿಗೆ ಎರಡೂ ಕಡೆಯವರು ಒಪ್ಪಿದರು. 11 ಜನ ಓಡ್ವಾಯರ್ ಕಡೆ. ನಾಯರ್ ಕಡೆ ನಿಂತಿದ್ದು ಒಬ್ಬರೇ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಹೆರಾಲ್ಡ್ ಲಾಸ್ಕಿ. 500 ಪೌಂಡ್ ಪರಿಹಾರ, ಜೊತೆಗೆ ಕೇಸಿನ ಖರ್ಚು ನಾಯರ್ ಕೊಡಬೇಕು ಅಂತ ಆಯ್ತು. ಕ್ಷಮೆ ಕೇಳಿದರೆ ಆ ದುಡ್ಡು ಬಿಟ್ಟುಬಿಡ್ತೀನಿ ಅಂತ ಓಡ್ವಾಯರ್ ಕಡೆಯಿಂದ ಸುದ್ದಿ ಬಂತು. ನಾಯರ್ ಕ್ಷಮೆ ಕೇಳಲಿಲ್ಲ. ದುಡ್ಡು ಕಟ್ಟಿದರು.

ಒಮ್ಮೆ ಯೋಚನೆ ಮಾಡಿ. 379 ಜನರ ಸಾವಿಗೆ ಗುಂಡು ಹಾರಿಸಿದವ ಕೋರ್ಟಿನ ಕಟಕಟೆ ಹತ್ತಲಿಲ್ಲ. ಅವನ ಮೇಲಿದ್ದವನೂ ಹತ್ತಲಿಲ್ಲ. ಇದಕ್ಕೆ ಇಂಥವರು ಹೊಣೆ ಅಂತ ಬರೆದ ಮನುಷ್ಯ ದಂಡ ಕಟ್ಟಿದ.

ನಾಯರ್ ಅವರ ಕೊನೆಯ ವರ್ಷಗಳು ಹೀರೋ ಥರ ಇರಲಿಲ್ಲ. ದೇಶ ಗಾಂಧೀಜಿ ಹಿಂದೆ ಹೋಗಿತ್ತು. ಎಲ್ಲರೂ ಸೈಮನ್ ಆಯೋಗವನ್ನ ಬಹಿಷ್ಕರಿಸಿದಾಗ ಇವರು ಅದರ ಜೊತೆ ಕೆಲಸ ಮಾಡಿದ ಭಾರತೀಯ ಸಮಿತಿಗೆ ಅಧ್ಯಕ್ಷರಾದರು. ಬಹುಶಃ ಅದಕ್ಕೇ ನಮ್ಮ ಶಾಲೆಯ ಪಠ್ಯಗಳಲ್ಲಿ ಅವರ ಹೆಸರು ಸಿಗಲಿಲ್ಲ. 1934ರಲ್ಲಿ ತೀರಿಕೊಂಡರು. ಡಯರ್ 1927ರಲ್ಲೇ ಕಾಯಿಲೆಯಿಂದ ಸತ್ತಿದ್ದ. ಓಡ್ವಾಯರ್‌ನನ್ನ 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್ ಗುಂಡಿಟ್ಟು ಕೊಂದರು. ಆ ಕೇಸ್ ಮಾತ್ರ ಬೇಗ ಮುಗೀತು. ಜುಲೈ 31ಕ್ಕೆ ಉಧಮ್ ಸಿಂಗ್ ಅವರಿಗೆ ಗಲ್ಲಾಯ್ತು. ಒಂದು ಸಾವಿಗೆ ಐದು ತಿಂಗಳೊಳಗೆ ತೀರ್ಪು ಕೊಡೋ ಶಕ್ತಿ ಆ ವ್ಯವಸ್ಥೆಗೆ ಇತ್ತು ಅಂತ ಆಯ್ತಲ್ವಾ? 379 ಸಾವಿಗೆ ಮಾತ್ರ ಇರಲಿಲ್ಲ.

ಇದು ಎಲ್ಲೋ ಪಂಜಾಬಿನ ಕಥೆ ಅಂತ ಬಿಡೋ ಹಾಗಿಲ್ಲ. ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥವನ್ನ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಕರೆಯೋದು ನಿಮಗೆ ಗೊತ್ತಿರಬಹುದು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಬ್ರಿಟಿಷ್ ಜನರಲ್ ಇರಲಿಲ್ಲ, ನಮ್ಮದೇ ರಾಜ್ಯದ ಸರ್ಕಾರ ಇತ್ತು. ವಿಚಾರಣೆಗೆ ಅಂತ ನೇಮಕವಾದ ಸಮಿತಿಯ ಮುಖ್ಯಸ್ಥರು ವೇಪಾ ರಾಮೇಶಂ. ಅವರೂ ನಾಯರ್ ಕೂತಿದ್ದ ಮದ್ರಾಸ್ ಹೈಕೋರ್ಟಿನಲ್ಲೇ ನ್ಯಾಯಾಧೀಶರಾಗಿದ್ದವರು. ಇವತ್ತು ಅಲ್ಲಿ ಹುತಾತ್ಮರ ಸ್ಮಾರಕ ಇದೆ. ಬೆಂಗಳೂರಿಂದ ಒಂದು ಭಾನುವಾರ ಬೈಕಲ್ಲಿ ಹೋಗಿ ಬರುವಷ್ಟು ದೂರ.

ಸಿನಿಮಾದಲ್ಲಿ ನಾಯರ್ ಗೆಲ್ಲೋದು ನೋಡೋಕೆ ಚೆನ್ನಾಗಿದೆ. ಆದರೆ ಸೋತ ನಾಯರ್ ನಮಗೆ ಜಾಸ್ತಿ ಹತ್ತಿರ ಆದರು. ನಿರಾಯುಧ ಜನರ ಮೇಲೆ ಎಲ್ಲಿ ಗುಂಡು ಹಾರಿದರೂ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಆಜ್ಞೆ ಕೊಟ್ಟವರು ಯಾರು? ಎಚ್ಚರಿಕೆ ಕೊಟ್ಟರಾ? ಎಷ್ಟು ಗುಂಡು ಖರ್ಚಾಯ್ತು? ಗಾಯಗೊಂಡವರನ್ನ ಯಾರು ನೋಡಿಕೊಂಡರು? ಮೇಲೆ ಕೂತಿದ್ದವರು ಏನು ಮಾಡುತ್ತಿದ್ದರು? ಕೊನೆಯ ಪ್ರಶ್ನೆಯನ್ನ ನಾಯರ್ ಮೊದಲು ತಮಗೇ ಕೇಳಿಕೊಂಡು ಕುರ್ಚಿ ಬಿಟ್ಟರು. ಆಮೇಲೆ ಓಡ್ವಾಯರ್‌ಗೆ ಕೇಳಿ ದುಡ್ಡು ಕಳಕೊಂಡರು. ಆ ಐದು ವಾರದಲ್ಲಿ ಸಾಮ್ರಾಜ್ಯದ ರಾಜಧಾನಿಯಲ್ಲೇ, ಕೋರ್ಟಿನ ದಾಖಲೆಯೊಳಗೇ, ಪಂಜಾಬಿನ ಹೆಸರಿಲ್ಲದ ಜನರ ಹೇಳಿಕೆಗಳು ಸೇರಿಕೊಂಡವು. ತೀರ್ಪು ಏನೇ ಬಂದಿರಲಿ, ಅವು ಇವತ್ತಿಗೂ ಅಲ್ಲಿವೆ.

ಮುಂದಿನ ಸಲ ಆ ಸಿನಿಮಾ ಹಾಕಿದಾಗ, ಕೊನೆಯಲ್ಲಿ ಚಪ್ಪಾಳೆ ಹೊಡೆದ ಮೇಲೆ ಪಕ್ಕದವರಿಗೆ ಈ ಅರ್ಧ ಕಥೆಯನ್ನೂ ಹೇಳಿ.